ಅಂತರುಷ್ಣಕ ಕ್ರಿಯೆಯ ಪಾಠ: ನನ್ನ ಅನುಭವ

ಹತ್ತನೆಯ ತರಗತಿಗೆ ಅಂತರುಷ್ಣಕ ಕ್ರಿಯೆಯನ್ನು ಕಲಿಸುವಾಗ ನಾನು ವ್ಯಾಖ್ಯೆಯನ್ನು ಮೊದಲು ಬರೆಸುವುದಿಲ್ಲ. ‘ಶಕ್ತಿಯನ್ನು ಹೀರಿಕೊಳ್ಳುವ ಕ್ರಿಯೆ’ ಎಂದು ಬರೆದುಕೊಂಡ ಮಕ್ಕಳು, ಶಾಖ ಹೀರಿದ್ದು ಬಿಸಿಯಾಗಲೇಬೇಕೆಂದು ಸಹಜವಾಗಿ ಭಾವಿಸುತ್ತಾರೆ. ಆದ್ದರಿಂದ ಪಾಠ ಶುರುವಾಗುವುದು ಯೂರಿಯಾದಿಂದ. ಹೊಲಕ್ಕೆ ತಂದಿಟ್ಟ ಬೇವು ಲೇಪಿತ ಯೂರಿಯಾವೇ ಇದಕ್ಕೆ ಸಾಕು.

100 ಮಿಲಿಲೀಟರ್ ನೀರಿನ ಉಷ್ಣತೆಯನ್ನು ಬರೆದುಕೊಂಡು, ಅದಕ್ಕೆ ಸುಮಾರು 20 ಗ್ರಾಂ ಯೂರಿಯಾ ಹಾಕಿ ಕಲಕಿದರೆ, ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಮಳೆಗಾಲದಲ್ಲಿ ಬೀಕರಿನ ಹೊರಮೈಯಲ್ಲಿ ಹನಿಗಟ್ಟುವುದೂ ಉಂಟು. ಹರಳಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಯೂರಿಯಾ ಅಣುಗಳನ್ನು ಬಿಡಿಸಲು ಬೇಕಾಗುವ ಶಕ್ತಿ, ಅವು ನೀರಿನೊಂದಿಗೆ ಸೇರುವಾಗ ಹೊರಬರುವ ಶಕ್ತಿಗಿಂತ ಹೆಚ್ಚು. ಆ ಕೊರತೆಯನ್ನು ನೀರೇ ತನ್ನ ಶಾಖದಿಂದ ತುಂಬಿಕೊಡುವುದರಿಂದ ನೀರು ತಣ್ಣಗಾಗುತ್ತದೆ. ಕರಗುವುದು ಭೌತಿಕ ಬದಲಾವಣೆಯಾದ್ದರಿಂದ ಇದನ್ನು ಅಂತರುಷ್ಣಕ ‘ಪ್ರಕ್ರಿಯೆ’ ಎಂದೇ ಬರೆಸುತ್ತೇನೆ. ರಾಸಾಯನಿಕ ಕ್ರಿಯೆಯ ಉದಾಹರಣೆಗೆ ಬೇರಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಕ್ಲೋರೈಡ್ ಬೆರೆಸುವ ಪ್ರಯೋಗವಿದೆ. ಬೇರಿಯಂ ಸಂಯುಕ್ತಗಳು ವಿಷಕಾರಿ, ಅಮೋನಿಯ ಅನಿಲವೂ ಹೊರಬರುತ್ತದೆ, ಹಾಗಾಗಿ ಅದನ್ನು ಕಿಟಕಿಗಳನ್ನು ತೆರೆದಿಟ್ಟು ನಾನೇ ಮಾಡಿ ತೋರಿಸುತ್ತೇನೆ.

ಇದಕ್ಕಿಂತ ಹೆಚ್ಚು ಸಮಯ ಬೇಡುವ ಗೊಂದಲ ಇನ್ನೊಂದಿದೆ: ಕಾಯಿಸಿದರೆ ಮಾತ್ರ ನಡೆಯುವ ಕ್ರಿಯೆಗಳೆಲ್ಲ ಅಂತರುಷ್ಣಕವೆಂಬ ನಂಬಿಕೆ. ಮೆಗ್ನೀಸಿಯಂ ಪಟ್ಟಿಗೆ ಜ್ವಾಲೆ ಬೇಕಾದದ್ದು ಹೊತ್ತಿಕೊಳ್ಳಲು ಮಾತ್ರ. ಆಮೇಲೆ ಅದು ತಾನಾಗಿಯೇ ಉರಿದು ಅಪಾರ ಶಾಖವನ್ನು ಹೊರಗೆಡಹುತ್ತದೆ. ಸುಣ್ಣದ ಗೂಡಿನಲ್ಲಾದರೋ, ಸುಣ್ಣಕಲ್ಲು ಸುಟ್ಟಸುಣ್ಣವಾಗಲು ಮೋಲ್ (ವಸ್ತುವಿನ ಪ್ರಮಾಣವನ್ನು ಅಳೆಯುವ ಏಕಮಾನ) ಒಂದಕ್ಕೆ ಸುಮಾರು 178 ಕಿಲೋಜೌಲ್ ಶಕ್ತಿಯನ್ನು ಉದ್ದಕ್ಕೂ ಒದಗಿಸುತ್ತಲೇ ಇರಬೇಕು, ಬೆಂಕಿ ಆರಿದರೆ ಕ್ರಿಯೆಯೂ ನಿಲ್ಲುತ್ತದೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ವಿವರಿಸಿದಾಗ, ಕ್ರಿಯೆಯನ್ನು ಆರಂಭಿಸುವ ಶಕ್ತಿ ಬೇರೆ, ಒಟ್ಟು ಲೆಕ್ಕದಲ್ಲಿ ಹೀರಲ್ಪಡುವ ಶಕ್ತಿ ಬೇರೆ ಎಂಬುದು ಮಕ್ಕಳಿಗೆ ಮನದಟ್ಟಾಗುತ್ತದೆ.

ಹೀರಿಕೊಳ್ಳುವ ಶಕ್ತಿ ಬೆಳಕಿನ ರೂಪದಲ್ಲೂ ಬರಬಹುದು. ಬಿಸಿಲಿಗಿಟ್ಟ ಸಿಲ್ವರ್ ಕ್ಲೋರೈಡ್ ಬೂದುಬಣ್ಣಕ್ಕೆ ತಿರುಗುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಒಂದು ಮೋಲ್ ಗ್ಲೂಕೋಸಿಗೆ ಸುಮಾರು 2800 ಕಿಲೋಜೌಲ್ ಶಕ್ತಿ ಸಂಗ್ರಹವಾಗುತ್ತದೆ.

ಶಾಖ ಕೊಡದೆಯೂ ಯೂರಿಯಾ ತಾನಾಗಿಯೇ ಏಕೆ ಕರಗುತ್ತದೆ ಎಂದು ಕೇಳುವ ಮಕ್ಕಳಿದ್ದಾರೆ. ಈ ಪ್ರಶ್ನೆಯನ್ನು ನಾನು ತುಂಬಾ ಗೌರವಿಸುತ್ತೇನೆ, ಏಕೆಂದರೆ 19ನೇ ಶತಮಾನದ ಫ್ರೆಂಚ್ ರಸಾಯನವಿಜ್ಞಾನಿ ಮಾರ್ಸೆಲಿನ್ ಬರ್ತೆಲೊ ಕೂಡ ತಾನಾಗಿ ನಡೆಯುವ ಕ್ರಿಯೆಗಳು ಶಾಖವನ್ನು ಹೊರಹಾಕುವ ದಿಕ್ಕಿನಲ್ಲೇ ಸಾಗುತ್ತವೆಂದು ವಾದಿಸಿದ್ದರು. ಕಣಗಳು ಚದುರಿ ಹರಡುವ ಪ್ರವೃತ್ತಿಯೂ ಲೆಕ್ಕಕ್ಕೆ ಬರುತ್ತದೆ ಎಂದಷ್ಟೇ ಹೇಳಿ, ಆ ಚದುರುವಿಕೆಯ ಅಳತೆಯಾದ ಎಂಟ್ರೊಪಿಯ ವಿವರವನ್ನು ಪಿಯುಸಿಗೆ ಬಿಡುತ್ತೇನೆ.