ಟೋಕನ್ ಟೈಮ್‌ಔಟ್ 3 ಸೆಕೆಂಡಿನಿಂದ 10ಕ್ಕೆ: ನನ್ನ ಅನುಭವ

ರಾತ್ರಿ ಒಂದೂ ಮುಕ್ಕಾಲಿಗೆ ಮಂಗಳೂರಿನ ಬಂದರು ಇರುವ ಪಣಂಬೂರಿನಿಂದ ಫೋನ್ ಬಂತು. "ಗೇಟ್ ಪಾಸ್ ಪ್ರಿಂಟ್ ಬರುದಿಲ್ಲ ಮಾರಾಯ್ರೆ, ಲಾರಿಗಳ ಲೈನ್ ಹೈವೇವರೆಗೆ ಉಂಟು." ಜೂನ್ ತಿಂಗಳ ಜಡಿಮಳೆ. ಸುರತ್ಕಲ್‌ನ ಮನೆಯಲ್ಲಿ ನಾನು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಡೇಟಾಬೇಸ್ ಎರಡನೇ ಸರ್ವರ್‌ನಲ್ಲಿ ಎದ್ದು ನಿಂತಿತ್ತು. ಒಂದೇ ವಾರದಲ್ಲಿ ಹೀಗಾಗುವುದು ಎರಡನೇ ಸಲ.

ಅದು ಪೇಸ್‌ಮೇಕರ್ ಮತ್ತು ಕೊರೊಸಿಂಕ್ ಇರುವ ಎರಡು ನೋಡ್‌ಗಳ ಕ್ಲಸ್ಟರ್, ಅಂದರೆ ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ಹೊರುವ ಜೋಡಿ. ಎರಡೂ ವರ್ಚುವಲ್ ಮೆಷಿನ್‌ಗಳು, ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಯಂತ್ರಗಳು. ನೋಡ್‌ಗಳು ಜೀವಂತವಾಗಿವೆಯೇ ಎಂದು ನೋಡುವುದು ಕೊರೊಸಿಂಕ್, ಡೇಟಾಬೇಸ್ ಯಾವುದರಲ್ಲಿ ಓಡಬೇಕೆಂದು ನಿರ್ಧರಿಸುವುದು ಪೇಸ್‌ಮೇಕರ್. ಮಳೆಗೆ ನೆಟ್‌ವರ್ಕ್ ಹೋಗಿರಬೇಕು ಎಂದರು ಎಲ್ಲರೂ. ಎರಡೂ ಇರುವುದು ಒಂದೇ ರ‍್ಯಾಕ್‌ನಲ್ಲಿ, ಹಾಗಾಗಿ ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾವುದೂ ಕೆಟ್ಟಿರಲಿಲ್ಲ. ಒಂದು ನೋಡ್ ಸುಮ್ಮನಾದಾಗ ಇನ್ನೊಂದು ಅದು ಸತ್ತಿತೆಂದು ತಿಳಿದು ಫೆನ್ಸ್ ಮಾಡಿ, ಅಂದರೆ ಬಲವಂತವಾಗಿ ಹೊರಗಿಟ್ಟು, ರೀಬೂಟ್ ಮಾಡಿಸಿತ್ತು.

ನೋಡ್‌ಗಳು ತಮ್ಮೊಳಗೆ ಸುತ್ತಿಸುವ ಚಿಕ್ಕ ಸಂದೇಶಕ್ಕೆ ಟೋಕನ್ ಎನ್ನುತ್ತಾರೆ, ಅದಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದೇ ಟೋಕನ್ ಟೈಮ್‌ಔಟ್. ಉಳಿದ ನೋಡ್‌ನ ಲಾಗ್‌ನಲ್ಲಿ 2250 ಮಿಲಿಸೆಕೆಂಡ್‌ನಿಂದ ಟೋಕನ್ ಬಂದಿಲ್ಲ ಎಂಬ ಸಾಲಿತ್ತು. ಕೊರೊಸಿಂಕ್ 3.1ರಿಂದ ಟೋಕನ್ ಟೈಮ್‌ಔಟ್‌ನ ಡಿಫಾಲ್ಟ್ 3000 ಮಿಲಿಸೆಕೆಂಡ್, ಅದರ ಮುಕ್ಕಾಲು ಪಾಲಿಗೆ ಈ ಎಚ್ಚರಿಕೆ ಬರುತ್ತದೆ. ಆದರೆ ಇದರಿಂದ ಆಚೆಯವ ಯಾಕೆ ಸುಮ್ಮನಾದ ಎಂದು ಗೊತ್ತಾಗುವುದಿಲ್ಲ. ಉತ್ತರ ಸಿಕ್ಕಿದ್ದು ಫೆನ್ಸ್ ಆದ ನೋಡ್‌ನ ಹಳೆಯ ರಾತ್ರಿಗಳ ಲಾಗ್‌ನಲ್ಲಿ: ಕೊರೊಸಿಂಕ್‌ಗೆ 4100 ಮಿಲಿಸೆಕೆಂಡ್ ಓಡಲು ಅವಕಾಶವೇ ಸಿಕ್ಕಿಲ್ಲ, ಮಿತಿ 2400. ಮಿತಿ ಅಂದರೆ ಟೋಕನ್‌ನ ಶೇ. 80. ನೆಟ್‌ವರ್ಕ್ ಅಲ್ಲ, ಇಡೀ ಯಂತ್ರವೇ ಹೆಪ್ಪುಗಟ್ಟಿತ್ತು. ಪ್ರತಿ ಸಲವೂ ಬ್ಯಾಕಪ್‌ಗಾಗಿ ಸ್ನ್ಯಾಪ್‌ಶಾಟ್, ಅಂದರೆ ಯಂತ್ರದ ಆ ಕ್ಷಣದ ಪ್ರತಿ, ತೆಗೆಯುವ ಸಮಯ. ಇಷ್ಟು ದಿನ ಈ ಸಾಲನ್ನು ಯಾರೂ ಓದಿರಲಿಲ್ಲ ಎಂಬುದು ನನಗೆ ಈಗಲೂ ನೋವಿನ ಮಾತು.

ಆಗ ಸಹೋದ್ಯೋಗಿಯೊಬ್ಬರು ಟೋಕನ್‌ಗೆ 30000 ಹಾಕಿಬಿಡೋಣ ಎಂದರು. ಆ ಅಂಕಿ ಸುಳ್ಳಲ್ಲ. ತನ್ನ ಕ್ಲೌಡ್ ಆದ ಅಝೂರ್‌ನಲ್ಲಿ ಪೇಸ್‌ಮೇಕರ್ ಹಾಕುವವರಿಗೆ ಮೈಕ್ರೋಸಾಫ್ಟ್ ಹೇಳುವುದೇ ಟೋಕನ್ 30000, ಕನ್ಸೆನ್ಸಸ್ (ಯಾರು ಉಳಿದಿದ್ದಾರೆ ಎಂದು ನೋಡ್‌ಗಳು ಒಪ್ಪಿಕೊಳ್ಳಲು ಕೊಡುವ ಕಾಲ) 36000. ಅಲ್ಲಿ ನಿರ್ವಹಣೆ ನಡೆಯುವಾಗ ವರ್ಚುವಲ್ ಮೆಷಿನ್ ಕೆಲವು ಸೆಕೆಂಡು ನಿಲ್ಲುತ್ತದೆ, ಅದಕ್ಕೆ ಆ ಅವಕಾಶ. ನಮ್ಮ ಮೇಡಂ ಕೇಳಿದ್ದು ಒಂದೇ: "ನಿಜವಾಗಿ ಸರ್ವರ್ ಸತ್ತರೆ ಲಾರಿಗಳು ಎಷ್ಟು ಹೊತ್ತು ಕಾಯಬೇಕು?" ಲೆಕ್ಕ ಹಾಕಿದೆ. ಟೋಕನ್‌ನ ನಂತರ ಕನ್ಸೆನ್ಸಸ್ ಕಾಲವೂ ಕಳೆಯಬೇಕು, ಬರೆಯದಿದ್ದರೆ ಅದು ಟೋಕನ್‌ನ 1.2 ಪಟ್ಟು. 3000ಕ್ಕೆ ಸುಮಾರು 6.6 ಸೆಕೆಂಡ್, 30000ಕ್ಕೆ 66. ಫೆನ್ಸಿಂಗ್, ಡೇಟಾಬೇಸ್ ರಿಕವರಿ ಎಲ್ಲ ಅದರ ಮೇಲೆ. ಸಪೋರ್ಟ್ ಸಿಗುವ ಅಂಕಿ ಎಂದ ಮಾತ್ರಕ್ಕೆ ಅದು ನಮಗೆ ಹೊಂದುವ ಅಂಕಿ ಆಗುವುದಿಲ್ಲ.

ಮೊದಲು ಸ್ನ್ಯಾಪ್‌ಶಾಟ್‌ನಿಂದ ಮೆಮೊರಿ ಸೇರಿಸುವ ಆಯ್ಕೆ ತೆಗೆಸಿದೆ. ಎರಡು ವಾರ ಬರೆದಿಟ್ಟುಕೊಂಡೆ: ಅತಿ ಉದ್ದದ ನಿಲುಗಡೆ 3400ಕ್ಕೆ ಇಳಿಯಿತು. ಡಿಫಾಲ್ಟ್‌ಗೆ ಇನ್ನೂ ಹೆಚ್ಚೇ. 3400ರ ಸುಮಾರು ಮೂರು ಪಟ್ಟು ಎಂದು 10000 ಆರಿಸಿದೆ, ಪತ್ತೆಗೆ 22 ಸೆಕೆಂಡ್. ಕನ್ಸೆನ್ಸಸ್ ಕೈಯಿಂದ ಬರೆಯಲಿಲ್ಲ, ಅದು ತಾನೇ ಲೆಕ್ಕ ಹಾಕಿಕೊಳ್ಳಲಿ. ಕ್ಲಸ್ಟರ್ ನಿರ್ವಹಿಸುವ ಪಿಸಿಎಸ್ ಕಮಾಂಡ್‌ನಲ್ಲಿ ಟೋಟೆಮ್ (ಟೋಕನ್ ಸೆಟ್ಟಿಂಗ್ ಇರುವ ಭಾಗ) ಬದಲಿಸಿ ಕೊರೊಸಿಂಕ್ ರೀಲೋಡ್ ಕೊಟ್ಟೆ, ಕ್ಲಸ್ಟರ್ ನಿಲ್ಲಿಸಬೇಕಾಗಲಿಲ್ಲ. ಆಮೇಲೆ ಎರಡೂ ನೋಡ್‌ಗಳಲ್ಲಿ ಚಾಲ್ತಿಯಲ್ಲಿರುವ ಸೆಟ್ಟಿಂಗ್ ತೋರಿಸುವ ಸಿಮ್ಯಾಪ್‌ಸಿಟಿಎಲ್ ಓಡಿಸಿ ರನ್‌ಟೈಮ್‌ನಲ್ಲಿ ನಿಜವಾಗಿ 10000 ಬಂದಿದೆಯೇ ನೋಡಿದೆ. ಫೈಲ್‌ನಲ್ಲಿ ಕಂಡದ್ದನ್ನು ನಂಬಬೇಡಿ. ಮೂರು ನೋಡ್ ಇದ್ದರೆ ಅಲ್ಲಿ 10650 ಕಾಣುತ್ತದೆ, ಎರಡರ ಮೇಲಿನ ಪ್ರತಿ ನೋಡ್‌ಗೆ 650 ಸೇರುತ್ತದೆ.

ಒಂದು ಭಾನುವಾರ ಬೆಳಗಿನ ಜಾವ ಎಲ್ಲರಿಗೂ ಮೊದಲೇ ಹೇಳಿ ಒಂದು ನೋಡ್‌ನ ಪವರ್ ತೆಗೆಸಿದೆವು. ಗೇಟ್ ಪಾಸ್ ಮತ್ತೆ ಬರಲು 70 ಸೆಕೆಂಡ್. ಅಪ್ಲಿಕೇಶನ್ ಮಾತ್ರ 30ಕ್ಕೇ ಕೈಬಿಟ್ಟಿತ್ತು. ಅದರ ಕನೆಕ್ಷನ್ ಟೈಮ್‌ಔಟ್ 90ಕ್ಕೆ ಏರಿಸಿದೆವು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಟೋಕನ್ ಏರಿಸಿದಾಗ, ಓಡಲು ಅವಕಾಶ ಸಿಗಲಿಲ್ಲ ಎಂಬ ಎಚ್ಚರಿಕೆಯ ಮಿತಿಯೂ (ಟೋಕನ್‌ನ ಶೇ. 80) 8000ಕ್ಕೆ ಏರುತ್ತದೆ. ಈಗ ಯಂತ್ರ 7 ಸೆಕೆಂಡ್ ನಿಂತರೂ ಆ ಸಾಲು ಬರುವುದಿಲ್ಲ. ಅದಕ್ಕೇ ಗಡಿಯಾರ ಎಷ್ಟು ಹೊತ್ತು ಜಿಗಿಯಿತು ಎಂದು ಅಳೆಯುವ ಚಿಕ್ಕ ಸ್ಕ್ರಿಪ್ಟ್ ಒಂದನ್ನು ಎರಡೂ ನೋಡ್‌ಗಳಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಚಹಾಕ್ಕೆ ಮೊದಲು ಅದನ್ನು ನೋಡುತ್ತೇನೆ. ನಿನ್ನೆ 2900 ತೋರಿಸಿತು.