ಬೋರ್ಡ್ ಸಿಗದಿದ್ದರೂ ಕ್ಯಾಬಿನೆಟ್ ಉಳಿಸಿಕೊಂಡೆ

ನನ್ನ ಪವರ್ಡ್ ಗಿಟಾರ್ ಕ್ಯಾಬಿನೆಟ್‌ನ, ಅಂದರೆ ಒಳಗೇ ಆಂಪ್ ಇರುವ ಸ್ಪೀಕರ್ ಪೆಟ್ಟಿಗೆಯ, ಆಂಪ್ ಮಾಡ್ಯೂಲ್ ಸುಟ್ಟುಹೋಯಿತು. ಆ ಮಾಡ್ಯೂಲ್ ತಯಾರಿಸುವುದನ್ನೇ ನಿಲ್ಲಿಸಿದ್ದೇವೆ, ಸ್ಪೇರ್ ಇಲ್ಲ ಅಂತ ಕಂಪನಿಯವರು ಕೈಚೆಲ್ಲಿದರು. ಹೀಗಾದಾಗ ಎಷ್ಟೋ ಜನ ಇಡೀ ಪೆಟ್ಟಿಗೆಯನ್ನೇ ಗುಜರಿಗೆ ಹಾಕುತ್ತಾರೆ. ನನಗೆ ಮನಸ್ಸಾಗಲಿಲ್ಲ. ಪ್ಲೈವುಡ್ ಗಟ್ಟಿಯಾಗಿತ್ತು, 12 ಇಂಚಿನ ಸ್ಪೀಕರ್ ಚೆನ್ನಾಗಿತ್ತು, ಹೋಗಿದ್ದು ಒಂದು ಬೋರ್ಡ್ ಮಾತ್ರ. ಅದೇ ಬೋರ್ಡ್ ಹುಡುಕಿ ಅಲೆಯುವುದಕ್ಕಿಂತ, ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಬೋರ್ಡಿನಿಂದ ಮಾಡಿಸಿದರೆ ಆಯಿತು ಅಲ್ವಾ?

ಮೊದಲು ಸ್ಪೀಕರ್ ನಿಜವಾಗಿ ಉಳಿದಿದೆಯಾ ಅಂತ ನೋಡಿಕೊಂಡೆ. ಕ್ಲಾಸ್-ಡಿ (ಸ್ವಿಚಿಂಗ್ ಮಾದರಿಯ) ಆಂಪ್ ಸಾಯುವಾಗ ಕೆಲವೊಮ್ಮೆ ಸ್ಪೀಕರಿಗೆ ನೇರವಾಗಿ ಡಿಸಿ ಹರಿಸಿ ಕಾಯಿಲ್ ಸುಟ್ಟುಬಿಡುತ್ತದೆ. ಸರಿ ಇರುವ 8 ಓಂ ಸ್ಪೀಕರ್ ಮಲ್ಟಿಮೀಟರಿನಲ್ಲಿ 6ರಿಂದ 7 ಓಂ ತೋರಿಸುತ್ತದೆ. ಎರಡೂ ಅಂಗೈಯಿಂದ ಕೋನನ್ನು ಮೆಲ್ಲಗೆ ಒತ್ತಿದೆ, ಉಜ್ಜುವ ಸದ್ದು ಬರಲಿಲ್ಲ. 1.5 ವೋಲ್ಟ್ ಸೆಲ್ ಮುಟ್ಟಿಸಿದಾಗ ಕೋನ್ ಮುಂದಕ್ಕೆ ಬಂತು. ಆಗ ಸೆಲ್ಲಿನ ಪ್ಲಸ್ ಮುಟ್ಟಿದ್ದ ಟರ್ಮಿನಲ್ಲೇ ಸ್ಪೀಕರಿನ ಪ್ಲಸ್. ಅದಕ್ಕೆ ಗುರುತು ಹಾಕಿಟ್ಟೆ.

ಹಳೇ ಬೋರ್ಡ್ ಬಿಚ್ಚುವ ಮುಂಚೆ ಒಂದು ಮಾತು. ನಮ್ಮ 230 ವೋಲ್ಟ್ ಕರೆಂಟ್ ರೆಕ್ಟಿಫೈ ಆದ ಮೇಲೆ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಪ್ಲಗ್ ಕಿತ್ತರೂ ದೊಡ್ಡ ಕೆಪಾಸಿಟರಿನಲ್ಲಿ ಅದು ಕೂತಿರಬಹುದು. ನಾನು 10 ವಾಟ್ ರೆಸಿಸ್ಟರ್ ಹಿಡಿದು ಅದನ್ನು ಇಳಿಸುತ್ತೇನೆ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕುತ್ತೇನೆ. ಈ ವಿಷಯದಲ್ಲಿ ಅವಸರ ಬೇಡವೇ ಬೇಡ.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಹಳೇ ಬೋರ್ಡ್ ತೋರಿಸಿದೆ. ಅಂಗಡಿಯವರು ತಿರುಗಿಸಿ ನೋಡಿ, "ಇದೆಲ್ಲ ಬರಲ್ಲ ಸಾರ್, ವೋಲ್ಟೇಜ್ ಹೇಳಿ, ಬೇರೆ ಕೊಡ್ತೀನಿ" ಅಂದರು. ಸರಿಯಾದ ಪ್ರಶ್ನೆ ಅದೇ.

ಲೆಕ್ಕ ಕಷ್ಟದ್ದಲ್ಲ. ಬ್ರಿಡ್ಜ್ ಆಗಿ, ಅಂದರೆ ಸ್ಪೀಕರಿನ ಎರಡೂ ತುದಿಗಳನ್ನು ಆಂಪೇ ನಡೆಸುವಂತೆ, ಕೆಲಸ ಮಾಡುವ ಕ್ಲಾಸ್-ಡಿ ಬೋರ್ಡಿಗೆ 48 ವೋಲ್ಟ್ ಕೊಟ್ಟರೆ ಸ್ಪೀಕರಿಗೆ ಪೀಕ್ 45ರಷ್ಟು, ಅಂದರೆ 32 ವೋಲ್ಟ್ ಆರ್‌ಎಂಎಸ್ (ಪವರ್ ಲೆಕ್ಕಕ್ಕೆ ಹಿಡಿಯುವ ವೋಲ್ಟೇಜ್) ಸಿಗುತ್ತದೆ. 32ನ್ನು ಅದರಿಂದಲೇ ಗುಣಿಸಿ 8ರಿಂದ ಭಾಗಿಸಿದರೆ 128 ವಾಟ್. ನನ್ನ ಸ್ಪೀಕರ್ 150 ವಾಟಿನದು, ಹಾಗಾಗಿ ಸರಿಹೋಯಿತು. ಸೆಲೆಸ್ಟಿಯನ್ ವಿಂಟೇಜ್ 30 ಥರದ 60 ವಾಟ್ ಸ್ಪೀಕರ್ ಇದ್ದರೆ 32 ವೋಲ್ಟ್ ಸಾಕು, ಜಾಸ್ತಿ ಕೊಟ್ಟು ಸುಡುವುದು ಯಾಕೆ?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ ಇರುವ ಬೋರ್ಡ್ ಆರಿಸಿದೆ. ಸಪ್ಲೈಗೆ ಮೀನ್ ವೆಲ್‌ನ ಎಲ್‌ಆರ್‌ಎಸ್-200-48. ಅದೇ ಸಾಲಿನ 350 ವಾಟಿನದಕ್ಕೆ ಫ್ಯಾನ್ ಇರುತ್ತದೆ. ಮನೆಯಲ್ಲಿ ಮೆಲ್ಲಗೆ ನುಡಿಸುವಾಗ ಆ ಸದ್ದು ಕಿವಿಗೆ ಹೊಡೆಯುತ್ತದೆ, ಅದಕ್ಕೇ 200 ವಾಟಿನದು ತಗೊಂಡೆ. ಈ ಸಪ್ಲೈ ಪಕ್ಕದಲ್ಲಿ 115/230 ಅಂತ ಸಣ್ಣ ಸ್ವಿಚ್ ಇದೆ. ಕರೆಂಟ್ ಕೊಡುವ ಮುಂಚೆ ಅದು 230ರಲ್ಲಿದೆಯಾ ನೋಡಿ. 115ರಲ್ಲಿಟ್ಟು ಹಾಕಿದರೆ ಸಪ್ಲೈ ಅಲ್ಲಿಗೇ ಮುಗಿಯಿತು.

ಹೆಚ್ಚಿನವರು ಯೋಚಿಸದೇ ಬಿಡುವುದು ಗೇನ್, ಅಂದರೆ ಸಿಗ್ನಲ್ಲನ್ನು ಆಂಪ್ ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ವಿಷಯ. ಮಾಡೆಲರ್ (ಬೇರೆ ಬೇರೆ ಆಂಪ್‌ಗಳ ಸದ್ದನ್ನು ಅನುಕರಿಸುವ ಯಂತ್ರ) ಅಥವಾ ಪೆಡಲ್‌ಬೋರ್ಡಿನಿಂದ ಬರುವುದು ಲೈನ್ ಲೆವೆಲ್, ಸುಮಾರು 1.2 ವೋಲ್ಟ್. ಟಿಪಿಎ3255 ತಾನಾಗಿ ಕೊಡುವ ಗೇನ್ 21.5 ಡೆಸಿಬೆಲ್, ಅಂದರೆ 12 ಪಟ್ಟಿನಷ್ಟು. ಹಾಗಾದರೆ ಹೊರಗೆ ಬರುವುದು 15 ವೋಲ್ಟಿನೊಳಗೆ, 30 ವಾಟೂ ಇಲ್ಲ. ಡ್ರಮ್ಸ್ ಪಕ್ಕದಲ್ಲಿ ಅದು ಕೇಳಿಸುವುದೇ ಇಲ್ಲ. ಬೋರ್ಡ್ ಡಮ್ಮಿ ಅಂತ ಜನ ಬೈಯುವುದು ಇಲ್ಲೇ. ಬೋರ್ಡ್ ಮೇಲೆಯೇ ಎನ್‌ಇ5532 ಥರದ ಆಪ್‌ಆಂಪ್ (ಸಿಗ್ನಲ್ ಹೆಚ್ಚಿಸುವ ಸಣ್ಣ ಚಿಪ್) ಇದ್ದು ಒಟ್ಟು ಗೇನ್ 28 ಡೆಸಿಬೆಲ್ ಹತ್ತಿರ ಬರಬೇಕು. ನಾನು ಅಂಥದ್ದನ್ನೇ ಕೇಳಿ ತಂದೆ.

ಇನ್ನೊಂದು ತೊಂದರೆ ಹಮ್, ಅಂದರೆ ಒಂದೇ ಸಮನೆ ಬರುವ ಗುಂಯ್ ಸದ್ದು. ಹಳೇ ಮಾಡ್ಯೂಲಿಗೆ ಇಂಥ ಸದ್ದನ್ನು ತಡೆಯುವ ಬ್ಯಾಲೆನ್ಸ್ಡ್ ಇನ್‌ಪುಟ್ ಇತ್ತು, ಹೊಸ ಬೋರ್ಡಿಗೆ ಇಲ್ಲ. ಮಾಡೆಲರ್‌ಗೂ ಅರ್ತ್, ಕ್ಯಾಬಿನೆಟ್‌ಗೂ ಅರ್ತ್. ನಡುವೆ ಕೇಬಲ್ ಹಾಕಿದ ಕೂಡಲೇ ಗುಂಯ್ ಅನ್ನುತ್ತದೆ. ಕೆಲವರು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕತ್ತರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಏನಾದರೂ ಕೆಟ್ಟರೆ ಕರೆಂಟ್ ಗಿಟಾರ್ ತಂತಿಗೇ ಬರಬಹುದು, ಆ ತಂತಿ ನಿಮ್ಮ ಕೈಯಲ್ಲಿರುತ್ತದೆ. ನಾನು ಇನ್‌ಪುಟ್ ಜ್ಯಾಕ್ ಮತ್ತು ಬೋರ್ಡಿನ ನಡುವೆ 600 ಓಂ, 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿದೆ. ಹಮ್ ನಿಂತಿತು. ಸಣ್ಣ ಟ್ರಾನ್ಸ್‌ಫಾರ್ಮರ್ ತೀರಾ ತಗ್ಗಿನ ಬೇಸ್ ಸ್ವಲ್ಪ ತಿನ್ನುತ್ತದೆ. ಆದರೆ ಗಿಟಾರಿನ ದಪ್ಪ ತಂತಿಯೇ 82 ಹರ್ಟ್ಸ್, ಹಾಗಾಗಿ ತೊಂದರೆಯಿಲ್ಲ.

ಹಿಂದಿನ ಪ್ಲೇಟಿಗೆ 3 ಮಿಲಿಮೀಟರ್ ಅಲ್ಯೂಮಿನಿಯಂ ಕಟ್ ಮಾಡಿಸಿದೆ. ಬೋರ್ಡಿನ ಹೀಟ್‌ಸಿಂಕನ್ನು ಅದಕ್ಕೇ ಒತ್ತಿ ಕೂರಿಸಿದೆ, ಅರ್ತ್ ವೈರನ್ನೂ ಅದಕ್ಕೇ ಬಿಗಿದೆ. ಅಂಚಿಗೆ ಫೋಮ್ ಟೇಪ್ ಅಂಟಿಸಿದೆ, ಗಾಳಿ ಸೋರಿದರೆ ಬೇಸ್ ಜೊತೆಗೆ ಪೀಪಿ ಸದ್ದೂ ಬರುತ್ತದೆ. ಸ್ಪೀಕರ್ ಪೆಟ್ಟಿಗೆಯೊಳಗೆ ಎಲ್ಲವೂ ಅದುರುತ್ತದೆ. ಹಾಗಾಗಿ ದೊಡ್ಡ ಕೆಪಾಸಿಟರ್, ಕಾಯಿಲ್‌ಗಳ ಬುಡಕ್ಕೆ ಸಿಲಿಕೋನ್, ಪ್ರತಿ ಸ್ಕ್ರೂಗೂ ಸ್ಪ್ರಿಂಗ್ ವಾಷರ್. ಬ್ರಿಡ್ಜ್ ಔಟ್‌ಪುಟ್‌ನಲ್ಲಿ ಸ್ಪೀಕರಿನ ಮೈನಸ್ ವೈರ್ ಗ್ರೌಂಡ್ ಅಲ್ಲ. ಅದು ಪ್ಲೇಟಿಗೆ ತಾಗಿದರೆ ಚಿಪ್ ಹೋಗಬಹುದು, ಎಚ್ಚರ.

ಮೊದಲ ಸಲ ಆನ್ ಮಾಡಿದ್ದು 100 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಮಂದವಾಯಿತು, ಅಂದರೆ ಎಲ್ಲೂ ಶಾರ್ಟ್ ಇಲ್ಲ. ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಬೇಕು. ಆಮೇಲೆ ಸ್ಪೀಕರ್ ಇಲ್ಲದೆ ಔಟ್‌ಪುಟ್ಟಿನ ಎರಡು ತುದಿಗಳ ನಡುವೆ ಡಿಸಿ ಅಳೆದೆ, ಕೆಲವೇ ಮಿಲಿವೋಲ್ಟ್ ಇತ್ತು. ಆಗಲೇ ಸ್ಪೀಕರ್ ಸೇರಿಸಿದ್ದು.

ಬ್ಯಾಂಡ್ ಪ್ರಾಕ್ಟೀಸ್‌ನಲ್ಲಿ ಜೋರಾಗಿ ನುಡಿಸಿದರೂ ಪ್ಲೇಟ್ ಕೈ ಇಡುವಷ್ಟೇ ಬಿಸಿ. ಹಳೇ ಮಾಡ್ಯೂಲಿನ ಟೋನ್ ನಾಬ್‌ಗಳು ಹೋದವು, ಆ ಕೆಲಸ ಈಗ ಮಾಡೆಲರ್‌ನಲ್ಲೇ ಮಾಡಿಕೊಳ್ಳುತ್ತೇನೆ.

ನನ್ನದು ಒಂದೇ ಸ್ಪೀಕರಿನ ಕ್ಯಾಬಿನೆಟ್, ಅದಕ್ಕೇ ಇಷ್ಟು ಸುಲಭವಾಯಿತು. ನಿಮ್ಮದರಲ್ಲಿ ಹಾರ್ನ್ (ತಾರ ಸ್ವರಗಳಿಗಾಗಿ ಇರುವ ಬೇರೆ ಸ್ಪೀಕರ್) ಕೂಡ ಇದ್ದರೆ ಹಳೇ ಮಾಡ್ಯೂಲೇ ಕ್ರಾಸ್‌ಓವರ್ ಕೆಲಸವನ್ನೂ, ಅಂದರೆ ತಗ್ಗು ಮತ್ತು ತಾರ ಸ್ವರಗಳನ್ನು ಬೇರ್ಪಡಿಸಿ ಕಳಿಸುವುದನ್ನೂ, ಮಾಡುತ್ತಿದ್ದಿರಬಹುದು. ಆಗ ಎರಡು ಚಾನೆಲ್ ಆಂಪ್ ಜೊತೆ ಹಾಗೆ ಬೇರ್ಪಡಿಸುವ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಬೋರ್ಡ್ ಬೇಕು, ಇಲ್ಲವೇ ಪ್ಯಾಸಿವ್ ಕ್ರಾಸ್‌ಓವರ್ ಕಟ್ಟಬೇಕು. ಅದಿಲ್ಲದೆ ಹಾರ್ನ್ ಡ್ರೈವರಿಗೆ ಆಂಪ್ ನೇರವಾಗಿ ಕೊಡಬೇಡಿ, ಮೊದಲ ಜೋರು ಸ್ವರಕ್ಕೇ ಅದರ ಕಾಯಿಲ್ ಹೋಗಬಹುದು.