ಧೂಳು ತೋರಿಸಿದ ನಕ್ಷೆ: ಒಂದು ಹೆದ್ದಾರಿ ಕ್ರಾಸ್ ಸರಿಮಾಡಿದ ನನ್ನ ಅನುಭವ

ಬೆಳಿಗ್ಗೆ ಐದೂವರೆ. ಕ್ರಾಸ್‌ನ ಟೀ ಅಂಗಡಿ ಅಜ್ಜಿ ಆಗಷ್ಟೇ ಸ್ಟೌ ಹಚ್ಚುತ್ತಿದ್ದರು. ನಾನು ಡಿವೈಡರ್ ಗ್ಯಾಪ್ (ಗಾಡಿ ದಾಟಲು ಡಿವೈಡರ್ ನಡುವೆ ಬಿಟ್ಟ ಜಾಗ) ಪಕ್ಕ ಕುಕ್ಕರುಗಾಲಲ್ಲಿ ಕೂತು ಡಾಂಬರಿನ ಮೇಲಿದ್ದ ಗಾಜಿನ ಚೂರು ನೋಡುತ್ತಿದ್ದೆ. ಕೆಲವು ಹೆಡ್‌ಲೈಟಿನವು, ಕೆಲವು ಇಂಡಿಕೇಟರಿನ ಹಳದಿ ಪ್ಲಾಸ್ಟಿಕ್. ಹಳೆಯವು ಸವೆದು ಮಣ್ಣಲ್ಲಿ ಸೇರಿದ್ದವು, ಹೊಸವು ಇನ್ನೂ ಹೊಳೆಯುತ್ತಿದ್ದವು. ಎಲ್ಲವೂ ಬಿದ್ದಿದ್ದು ಒಂದೇ ಕಡೆ, ಓವರ್‌ಟೇಕ್ ಲೇನಿನ ಅಂಚಿನಲ್ಲಿ.

ಅದಕ್ಕೂ ಮುಂಚೆ ಠಾಣೆಯಲ್ಲಿ ಕೂತು ಮೂರು ವರ್ಷದ ಎಫ್‌ಐಆರ್ ಓದಿದ್ದೆ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಅನ್ನುವ ಸಾಲು ಎಲ್ಲದರಲ್ಲೂ ಇತ್ತು. ಯಾವ ಲೇನು, ಗಾಡಿ ಎಲ್ಲಿ ಅಡ್ಡ ನಿಂತಿತ್ತು, ಯಾರಿಗೆ ಯಾರು ಕಾಣಲಿಲ್ಲ ಅನ್ನುವುದು ಇರಲಿಲ್ಲ. ರಸ್ತೆ ಸರಿಮಾಡುವವನಿಗೆ ಬೇಕಾದದ್ದೇ ಅದು. ಅದನ್ನು ಆ ಗಾಜಿನ ಚೂರು ಹೇಳಿತು.

ಊರಿನ ಹೆಸರು ಬರೆಯುವುದಿಲ್ಲ. ಮನೆಯವರನ್ನು ಕಳೆದುಕೊಂಡವರು ಇನ್ನೂ ಅಲ್ಲೇ ಇದ್ದಾರೆ, ದಿನಾ ಅದೇ ಕ್ರಾಸ್ ದಾಟುತ್ತಾರೆ. ಮಧ್ಯ ಕರ್ನಾಟಕ, ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ. ಪೂರ್ವಕ್ಕೆ ಊರು. ಪಶ್ಚಿಮಕ್ಕೆ ಹಾಲಿನ ಡೇರಿ, ಹೈಸ್ಕೂಲು, ಅರ್ಧ ಊರಿನ ಹೊಲ. ಅಂದರೆ ದಿನಕ್ಕೆರಡು ಸಲವಾದರೂ ಹೆದ್ದಾರಿ ದಾಟದೆ ಬದುಕು ನಡೆಯದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರ್ ಒಳಗೆ, ಮೂರು ವರ್ಷದಲ್ಲಿ, ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿದ್ದರೆ, ಇಲ್ಲವೇ 10 ಜನ ಸತ್ತಿದ್ದರೆ, ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ಬ್ಲಾಕ್ ಸ್ಪಾಟ್ ಅನ್ನುತ್ತದೆ. ಈ ಕ್ರಾಸ್ ಆ ಪಟ್ಟಿಯಲ್ಲಿತ್ತು.

ಆರು ಗಂಟೆಗೆ ಊರ ಕಡೆಯಿಂದ ಒಂದು ಟ್ರಾಕ್ಟರ್ ಬಂತು. ಟ್ರೈಲರ್ ತುಂಬಾ ಮೆಕ್ಕೆಜೋಳದ ಸೊಪ್ಪೆ. ಹತ್ತಿರದ ಎರಡು ಲೇನ್ ಖಾಲಿ ಇದ್ದದ್ದು ನೋಡಿ ನುಗ್ಗಿತು. ಆಚೆ ಕಡೆಯಿಂದ ಲಾರಿ ಬರುತ್ತಿದ್ದರಿಂದ ಡಿವೈಡರ್ ಗ್ಯಾಪಿನಲ್ಲಿ ನಿಂತಿತು. ಡಿವೈಡರ್ ಅಗಲ ನಾಲ್ಕೂವರೆ ಮೀಟರ್. ಟ್ರಾಕ್ಟರು ಟ್ರೈಲರು ಸೇರಿದರೆ ಅದರ ಎರಡರಷ್ಟು ಉದ್ದ. ಮುಂದಿನ ಭಾಗ ಗ್ಯಾಪಿನಲ್ಲಿ, ಟ್ರೈಲರಿನ ಹಿಂಭಾಗ ಓವರ್‌ಟೇಕ್ ಲೇನಿನಲ್ಲಿ. ಗಾಜು ಬಿದ್ದಿತ್ತಲ್ಲ, ಸರಿಯಾಗಿ ಅದೇ ಜಾಗ. ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಆ ಹತ್ತು ಸೆಕೆಂಡು ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ರಸ್ತೆ ಕಟ್ಟುವ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಂತೆ ಆ ವೇಗದಲ್ಲಿ ಅಡ್ಡ ಬಂದದ್ದನ್ನು ಕಂಡು, ಬ್ರೇಕ್ ಒತ್ತಿ, ನಿಲ್ಲಲು 120 ಮೀಟರ್ ಬೇಕು. ಆದರೆ ಡಿವೈಡರ್ ಮೇಲೆ ಕಣಗಿಲೆ ಗಿಡ ಎದೆಯುದ್ದ ಬೆಳೆದಿತ್ತು. ಹೂವು ಚೆನ್ನಾಗಿ ಕಾಣುತ್ತದೆ, ರಾತ್ರಿ ಎದುರು ಗಾಡಿಯ ಬೆಳಕನ್ನೂ ತಡೆಯುತ್ತದೆ. ಕ್ರಾಸ್ ಹತ್ತಿರ ಮಾತ್ರ ಅದೇ ಗಿಡ, ಕಾರಿನಲ್ಲಿ ಕೂತವರ ಕಣ್ಣಿಗೆ ಅಡ್ಡ. ನಾವು ಮಾಡಿದ ಮೊದಲ ಕೆಲಸ ಎರಡೂ ಕಡೆ ಆ 120 ಮೀಟರ್ ಉದ್ದಕ್ಕೂ ಕಣಗಿಲೆಯನ್ನು ಮೊಣಕಾಲೆತ್ತರಕ್ಕೆ ಸವರಿದ್ದು. ಎರಡು ದಿನದ ಕೂಲಿ, ಅಷ್ಟೇ ಖರ್ಚು.

ಇದಕ್ಕೂ ಹಿಂದಿನ ಒಂದು ತಪ್ಪು ಹೇಳಲೇಬೇಕು. ಅದು ನನ್ನದೇ. ಇನ್ನೊಂದು ಕ್ರಾಸ್‌ನಲ್ಲಿ ನಾನು ಗ್ಯಾಪನ್ನೇ ಮುಚ್ಚಿಸಿದ್ದೆ. ಯೂ-ಟರ್ನ್ ಎರಡು ಕಿಲೋಮೀಟರ್ ಆಚೆ. ನಕ್ಷೆಯಲ್ಲಿ ಎಲ್ಲ ಅಚ್ಚುಕಟ್ಟು. ಹತ್ತು ದಿನದಲ್ಲಿ ಜನ ಕರ್ಬ್ ಕಲ್ಲು ಕಿತ್ತು ಬೈಕ್ ಹೋಗುವಷ್ಟು ದಾರಿ ಮಾಡಿಕೊಂಡರು. ಉಳಿದವರು ರಾಂಗ್ ಸೈಡಲ್ಲಿ ಹೊರಟರು. ಹಾಲಿನ ಕ್ಯಾನ್ ಕಟ್ಟಿಕೊಂಡ ಮನುಷ್ಯ ಡೇರಿಗೆ ಹೋಗಲು ನಾಲ್ಕು ಕಿಲೋಮೀಟರ್ ಸುತ್ತಬೇಕು ಅಂದರೆ ಸುತ್ತುವುದಿಲ್ಲ. ‘ಜನರಿಗೆ ಶಿಸ್ತಿಲ್ಲ’ ಅಂತ ಸುಮ್ನೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರನ್ನು ಆ ದಾರಿಗೆ ನೂಕಿದ್ದು ನನ್ನ ನಕ್ಷೆ. ಅವತ್ತಿನಿಂದ ನಾನು ಜನ ಹೇಗೆ ನಡೆಯುತ್ತಾರೆ ಅನ್ನುವುದನ್ನು ಮೊದಲು ನೋಡುತ್ತೇನೆ, ಗೆರೆ ಆಮೇಲೆ ಎಳೆಯುತ್ತೇನೆ.

ಈ ಕ್ರಾಸ್‌ನಲ್ಲಿ ಮೂರು ದಿನ ಕೂತೆ. ಒಂದು ಮಾಮೂಲಿ ದಿನ, ಒಂದು ಸಂತೆ ದಿನ, ಒಂದು ಭಾನುವಾರ. ಗಾಡಿ ಎಣಿಸುವ ಹುಡುಗರು ಎಣಿಸುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಬೇಸಿಗೆಯಲ್ಲಿ ಇಂಥ ಜಾಗಕ್ಕೆ ಹೋದರೆ ಗಮನಿಸಿ: ಚಕ್ರ ಓಡುವ ಕಡೆ ಡಾಂಬರು ಕಪ್ಪಗೆ, ನುಣ್ಣಗೆ ಇರುತ್ತದೆ. ಚಕ್ರ ಹೋಗದ ಕಡೆ ಮಣ್ಣು, ಜಲ್ಲಿ ಪುಡಿ, ಸೊಪ್ಪೆಯ ತುಂಡು ಗುಡ್ಡೆ ಬಿದ್ದಿರುತ್ತದೆ. ಇಲ್ಲಿ ಊರ ರಸ್ತೆಯ ಬಾಯಲ್ಲಿ ಮೀನಿನಾಕಾರದ ದೊಡ್ಡದೊಂದು ಧೂಳಿನ ತೇಪೆ ಇತ್ತು. ಅಂದರೆ ಅಷ್ಟು ಡಾಂಬರು ಯಾರಿಗೂ ಬೇಕಿರಲಿಲ್ಲ. ಆದರೆ ಅದು ಅಲ್ಲಿದ್ದದ್ದರಿಂದಲೇ ಬಾಯಿ ಅಗಲವಾಗಿ, ಎಡಕ್ಕೆ ತಿರುಗುವವರು ವೇಗ ಇಳಿಸದೆ ನುಗ್ಗುತ್ತಿದ್ದರು. ಟೇಪ್ ಹಿಡಿದು ಧೂಳಿನ ಅಂಚು ಅಳೆದೆವು. ಆ ತೇಪೆಯೇ ನಮ್ಮ ಮೊದಲ ಐಲ್ಯಾಂಡ್ (ಗಾಡಿ ಹತ್ತದಂತೆ ಎತ್ತರಿಸಿದ ಕಟ್ಟೆ) ಆಯಿತು.

ಎರಡನೆಯದು ಏರು. ಹೆದ್ದಾರಿ ಅಗಲ ಮಾಡುವಾಗ ಎತ್ತರಿಸುತ್ತಾರೆ, ಆಮೇಲೆ ಡಾಂಬರಿನ ಪದರದ ಮೇಲೆ ಪದರ ಬೀಳುತ್ತದೆ. ಊರ ರಸ್ತೆ ಹಳೇ ಮಟ್ಟದಲ್ಲೇ ಉಳಿದು, ಕೊನೆಯಲ್ಲಿ ದಬ್ಬನೆ ಏರುತ್ತದೆ. ಹಿಂದೆ ಹೆಂಡತಿ, ಮುಂದೆ ಮಗು, ಪಕ್ಕಕ್ಕೆ ಕ್ಯಾನ್ ಇರುವ ಎಕ್ಸೆಲ್ ಗಾಡಿಯವನು ಆ ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಎತ್ತುವುದು ಕಷ್ಟ, ಗಾಡಿ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಅವನು ನಿಲ್ಲಿಸುವುದಿಲ್ಲ. ಬಂದ ರಭಸದಲ್ಲೇ ಹೆದ್ದಾರಿಗೆ ಹತ್ತುತ್ತಾನೆ. ಹತ್ತಿದ ಮೇಲೆ ಬಲಕ್ಕೆ ನೋಡುತ್ತಾನೆ. ದೂರದಿಂದ ನೋಡಿದವರಿಗೆ ಇದು ಅಜಾಗರೂಕತೆ. ಹತ್ತಿರ ನಿಂತು ನೋಡಿದರೆ ಏರಿನ ತಪ್ಪು, ಅಲ್ವಾ? ನಾವು ಊರ ರಸ್ತೆಯ ಕೊನೆಯ 15 ಮೀಟರನ್ನು ಹೆದ್ದಾರಿ ಮಟ್ಟಕ್ಕೇ ತಂದು ಸಮತಟ್ಟು ಮಾಡಿದೆವು. ಏರನ್ನು ಹಿಂದಕ್ಕೆ ಎಳೆದು ನಿಧಾನ ಮಾಡಿದೆವು. ರಸ್ತೆ ಓರೆಯಾಗಿ ಬಂದು ಸೇರುತ್ತಿತ್ತು, ಅದನ್ನೂ 90 ಡಿಗ್ರಿಗೆ ಹತ್ತಿರ ತಿರುಗಿಸಿದೆವು. ಈಗ ಕತ್ತು ಪೂರಾ ಹಿಂದಕ್ಕೆ ತಿರುಗಿಸದೆ ಗಾಡಿ ಕಾಣುತ್ತದೆ. ಇಡೀ ಕೆಲಸದಲ್ಲಿ ಇದಕ್ಕೇ ಜಾಸ್ತಿ ಮಣ್ಣು ಹೋಯಿತು, ಜಾಸ್ತಿ ದಿನ ಹಿಡಿಯಿತು. ಫೋಟೋದಲ್ಲಿ ಏನೂ ಕಾಣುವುದಿಲ್ಲ. ಆದರೂ ನನ್ನ ಮಟ್ಟಿಗೆ ಇಲ್ಲಿ ಅತಿ ಹೆಚ್ಚು ಜೀವ ಉಳಿಸುವುದು ಆ 15 ಮೀಟರೇ.

ಊರವರು ಕೇಳುತ್ತಿದ್ದದ್ದು ಹಂಪ್. ಪ್ರತಿ ಸಾವಿನ ನಂತರ ರಸ್ತೆ ತಡೆ, ‘ಹಂಪ್ ಹಾಕಿ’ ಅನ್ನುವ ಕೂಗು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ರಾಷ್ಟ್ರೀಯ ಹೆದ್ದಾರಿ ಮೇಲೆ ಹಂಪ್ ಹಾಕುವಂತಿಲ್ಲ. ರಾತ್ರಿ ಬಣ್ಣ ಅಳಿಸಿಹೋದ ಹಂಪಿಗೆ ಬೈಕ್ ಹಾರಿದರೆ ಅದೇ ಇನ್ನೊಂದು ಸಾವು. ಊರ ರಸ್ತೆಯಲ್ಲಿ, ಕ್ರಾಸ್‌ಗೆ ಮುಂಚೆ ಹಾಕಬಹುದು, ಹಾಕಿದೆವು. ಹೆದ್ದಾರಿಯಲ್ಲಿ ರಂಬಲ್ ಸ್ಟ್ರಿಪ್ (ಗಾಡಿ ಗಡಗಡ ಅನ್ನಿಸಿ ಎಚ್ಚರಿಸುವ ಸಣ್ಣ ಉಬ್ಬು ಪಟ್ಟಿ), ಮುನ್ಸೂಚನೆ ಫಲಕ, ಕ್ಯಾಟ್ ಐ (ರಾತ್ರಿ ಹೆಡ್‌ಲೈಟಿಗೆ ಹೊಳೆಯುವ ಗುಬಟು) ಹಾಕಿದೆವು.

ಇನ್ನು ಗ್ಯಾಪಿನ ಪ್ರಶ್ನೆ. ನಾಲ್ಕು ದಾರಿ ಕೂಡುವ ಸಾದಾ ಕ್ರಾಸ್‌ನಲ್ಲಿ ಗಾಡಿಗಳ ಹಾದಿ ಒಂದಕ್ಕೊಂದು ತಾಗುವ ಜಾಗ 32. ಅದರಲ್ಲಿ 16 ನೇರ ಅಡ್ಡ ಹಾಯುವಂಥವು. ಪಕ್ಕಕ್ಕೆ ಉಜ್ಜಿಕೊಂಡು ಪಾರಾಗುವಂಥ ಹೊಡೆತ ಅಲ್ಲಿ ಆಗುವುದಿಲ್ಲ. ನೇರ ಗಾಡಿಯ ಬಾಗಿಲ ಮೇಲೇ ಬೀಳುತ್ತದೆ. ವೃತ್ತ ಮಾಡಿದರೆ ತಾಗುವ ಜಾಗ 8ಕ್ಕೆ ಇಳಿಯುತ್ತದೆ. ಎರಡೂ ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದ ಗಾಡಿ ಇದ್ದರೆ ಅದು ಒಳ್ಳೆಯದು. ಇಲ್ಲಿ ಹೆದ್ದಾರಿಯಲ್ಲಿ ಹೊಳೆ, ಊರ ರಸ್ತೆಯಲ್ಲಿ ಕಾಲುವೆ. ನಾವು ಆರಿಸಿದ್ದು ಬೇರೆ ದಾರಿ: ಗ್ಯಾಪ್ ಮುಚ್ಚಿ, ಗಾಡಿ ಯಾವುದೂ ನೇರ ದಾಟುವಂತಿಲ್ಲ. ಎಡಕ್ಕೆ ತಿರುಗಿ, ಸ್ವಲ್ಪ ಮುಂದೆ ಯೂ-ಟರ್ನ್ ಹೊಡೆದು, ವಾಪಸ್ ಬಂದು ಮತ್ತೆ ಎಡಕ್ಕೆ. ಅಮೆರಿಕದ ಮಿಷಿಗನ್‌ನಲ್ಲಿ ಬಲತಿರುವಿನ ಬದಲು (ಅವರಿಗೆ ಅದು ಎಡ) ಯೂ-ಟರ್ನ್ ಮಾಡಿಸುವ ಪದ್ಧತಿ 1960ರ ದಶಕದಿಂದ ಇದೆ. ನಾವು ಆರಿಸಿದ ದಾರಿಯಲ್ಲಿ ತಾಗುವ ಜಾಗ 32ರ ಅರ್ಧಕ್ಕಿಂತ ಕಡಿಮೆ ಆಗುತ್ತದೆ.

ನನ್ನ ಹಳೇ ತಪ್ಪು ಮರುಕಳಿಸಬಾರದು. ಹಾಗಾಗಿ ಯೂ-ಟರ್ನ್ ಇಟ್ಟಿದ್ದು ಬರೀ 250 ಮೀಟರ್ ದೂರದಲ್ಲಿ, ಎರಡೂ ಕಡೆ ಒಂದೊಂದು. ಡಿವೈಡರಿನಿಂದಲೇ ಮೂರೂವರೆ ಮೀಟರ್ ಕಡಿದು ತಿರುಗುವವರು ಕಾಯಲು ಬೇರೆ ಲೇನ್ ಮಾಡಿದೆವು. ಓವರ್‌ಟೇಕ್ ಲೇನಿನಲ್ಲಿ ನಿಂತು ಕಾಯುವ ಭಯ ತಪ್ಪಿತು.

ಸಿಮೆಂಟ್ ಹಾಕುವ ಮೊದಲು ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ಮರಳು ಮೂಟೆ, ಡಾಂಬರು ಡ್ರಮ್ಮು ಇಟ್ಟು ಮೂರು ವಾರ ನಡೆಸಿ ನೋಡಿದೆವು. ಎರಡನೇ ದಿನವೇ ಒಬ್ಬ ಹಿರಿಯರು ಟ್ರಾಕ್ಟರ್ ನಿಲ್ಲಿಸಿ ಇಳಿದು ಬಂದರು.

“ಏನ್ ಸ್ವಾಮಿ, ಇಷ್ಟರಲ್ಲಿ ನನ್ ಟ್ರೈಲರ್ ತಿರುಗ್ತದಾ? ನೀವೇ ಹೇಳಿ.”

“ನೀವೇ ಒಂದ್ಸಲ ತಿರುಗಿಸಿ ತೋರಿಸಿ ಯಜಮಾನ್ರೇ,” ಅಂದೆ.

ಪೊಲೀಸರು ಗಾಡಿ ತಡೆದರು. ಅವರು ತಿರುಗಿಸಿದರು. ಟ್ರೈಲರಿನ ಎಡ ಚಕ್ರ ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಎಷ್ಟು ಇಳಿಯಿತೋ ಅಷ್ಟು ಅಳೆದುಕೊಂಡೆವು. ಯೂ-ಟರ್ನ್ ಎದುರಿಗೆ ರಸ್ತೆ ಅಂಚನ್ನು ಅರ್ಧಚಂದ್ರದಂತೆ ಅಗಲ ಮಾಡಿ ಡಾಂಬರು ಹಾಕಿಸಿದೆವು. ನಾವದನ್ನು ‘ಹೊಟ್ಟೆ’ ಅಂತ ಕರೆಯುತ್ತಿದ್ದೆವು. ಆ ಹೊಟ್ಟೆಯ ಅಳತೆ ಕೊಟ್ಟವರು ಆ ಯಜಮಾನರು. ಎಲ್ಲ ಮುಗಿದ ಮೇಲೆ ಟ್ರೈಲರಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೂ ಅವರೇ ಮೊದಲು ಅಂಟಿಸಿಕೊಂಡರು.

ಸಂಜೆ ಇಲ್ಲಿ ಜಾಮ್ ಕೂಡ ಆಗುತ್ತಿತ್ತು. ಅದಕ್ಕೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬಸ್ಸು ಊರ ರಸ್ತೆಯ ಬಾಯಲ್ಲೇ ನಿಲ್ಲುತ್ತಿತ್ತು. ಅದರ ಹಿಂದೆ ಆಟೊ, ಅದನ್ನು ಬಳಸಿ ಹೋಗಲು ಲಾರಿ ಬಲಕ್ಕೆ, ಬಲದಲ್ಲಿ ಗ್ಯಾಪಿಗಾಗಿ ಕಾದು ನಿಂತ ಕಾರು. ಎರಡೂ ಲೇನ್ ಬಂದ್. ಬಸ್ ನಿಲ್ದಾಣವನ್ನು ಕ್ರಾಸ್ ದಾಟಿ ಮುಂದಕ್ಕೆ ಸರಿಸಿ, ಬಸ್ಸು ಹೆದ್ದಾರಿ ಬಿಟ್ಟು ಪೂರ್ತಿ ಪಕ್ಕಕ್ಕೆ ಬರುವಂತೆ ಬೇ ಮಾಡಿದೆವು. ಕಾಯುವ ಲೇನ್ ಜೊತೆ ಇದೂ ಸೇರಿದ ಮೇಲೆ, ನೇರ ಓಡುವ ಲೇನ್ ಒಂದನ್ನೂ ಹೊಸದಾಗಿ ಸೇರಿಸದೆ ಸಂಜೆಯ ಸಾಲು ಕರಗಿತು. ಅಪಘಾತಕ್ಕೂ ಜಾಮಿಗೂ ಬೇರು ಒಂದೇ ಆಗಿತ್ತು: ಓಡುವ ಲೇನಿನಲ್ಲಿ ನಿಲ್ಲಬೇಕಾದ ಪರಿಸ್ಥಿತಿ.

ನಡೆಯುವವರನ್ನು ಮಾತ್ರ ಸುತ್ತಿಸುವ ಹಾಗಿರಲಿಲ್ಲ. ಹಳೇ ಗ್ಯಾಪ್ ಇದ್ದಲ್ಲೇ ಡಿವೈಡರ್ ನಡುವೆ ಎತ್ತರದ ಅಂಚಿನ ನಿಲ್ಲುವ ಜಾಗ ಬಿಟ್ಟೆವು. ಒಳಗೆ ದಾರಿ ನೇರ ಇಲ್ಲ, ಅಂಕುಡೊಂಕು. ಅದರಲ್ಲಿ ನಡೆಯುವಾಗ ಮುಂದೆ ದಾಟಬೇಕಾದ ಕಡೆಯಿಂದ ಬರುವ ಗಾಡಿ ಮುಖದೆದುರೇ ಕಾಣುತ್ತದೆ. ಮೇಲೆ ದೀಪ. ಟೀ ಅಂಗಡಿ ಅಜ್ಜಿಯನ್ನು ಕರೆದುಕೊಂಡು ಹೋಗಿ ದಾಟಿಸಿ ನೋಡಿದೆವು. ಅವರ ನಡಿಗೆಗೆ ಎರಡು ಲೇನ್ ದಾಟಲು ಒಂಬತ್ತು ಸೆಕೆಂಡು ಬೇಕಿತ್ತು. ಅಷ್ಟರಲ್ಲಿ 80ರ ವೇಗದ ಗಾಡಿ 200 ಮೀಟರ್ ಬರುತ್ತದೆ. ಅದಕ್ಕೇ ಕಣಗಿಲೆಯನ್ನು 120 ಮೀಟರಿಗೆ ನಿಲ್ಲಿಸದೆ 200 ಮೀಟರ್ ತನಕ ಸವರಿಸಿದೆ. ನಡುವೆ ನಿಂತು ಅಜ್ಜಿ ಒಂದು ಮಾತು ಹೇಳಿದರು: “ಇಲ್ಲಿ ಕೈ ಹಿಡ್ಕಳಕ್ಕೆ ಏನಾರಾ ಇದ್ರೆ ಚಂದಾಗಿತ್ತಪ್ಪ.” ಕಂಬಿ ಹಾಕಿಸಿದೆವು.

ಕೆಲಸ ಮುಗಿದು ಒಂದೂವರೆ ವರ್ಷ ಆಗಿದೆ. ಆ ಗ್ಯಾಪಿನ ಜಾಗದಲ್ಲಿ ಇದುವರೆಗೆ ಯಾರೂ ಸತ್ತಿಲ್ಲ. ಆದರೂ ಗೆದ್ದೆವು ಅಂತ ಈಗಲೇ ಬರೆಯಲಾರೆ. ಅಪಘಾತ ಹೆಚ್ಚಿದ ಮೇಲೆಯೇ ನಾವು ಒಂದು ಜಾಗವನ್ನು ಆರಿಸುತ್ತೇವೆ. ಅಂಥ ಕೆಟ್ಟ ಕಾಲದ ನಂತರ ಏನೂ ಮಾಡದಿದ್ದರೂ ಸಂಖ್ಯೆ ಸ್ವಲ್ಪ ಇಳಿಯುವುದುಂಟು. ಮೂರು ವರ್ಷ ತುಂಬಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಆ ಸಂಖ್ಯೆ ಓದಿದಾಗೆಲ್ಲ ನನಗೆ ಠಾಣೆಯಲ್ಲಿ ಓದಿದ ಆ ಕಟ್ಟು ನೆನಪಾಗುತ್ತದೆ, ಪ್ರತಿ ಹಾಳೆಯಲ್ಲೂ ಅದೇ ಒಂದು ಸಾಲು.

ಹೈಸ್ಕೂಲ್ ಮಕ್ಕಳಿಗೆ ಅಲ್ಲಿ ಬೇಕಾದದ್ದು ಅಂಡರ್‌ಪಾಸ್. ಸೈಕಲ್ ತಳ್ಳಿಕೊಂಡು ಕಂಬಿಯ ನಡುವೆ ಹೋಗುವುದು ಅವರಿಗೆ ಇಕ್ಕಟ್ಟು. ಪ್ರಸ್ತಾವ ಕಳಿಸಿದ್ದೇವೆ, ಕೇಳುತ್ತಲೇ ಇದ್ದೇವೆ.

ಹೋದ ತಿಂಗಳು ಮತ್ತೆ ಹೋಗಿದ್ದೆ. ಕಣಗಿಲೆ ಮತ್ತೆ ಸೊಂಟದೆತ್ತರ ಬಂದಿತ್ತು, ಸವರಲು ಹೇಳಿ ಬಂದೆ. ಉತ್ತರದ ಯೂ-ಟರ್ನ್ ಹೊಟ್ಟೆಯ ಕೊನೆಯಲ್ಲಿ ಹೊಸದಾಗಿ ಧೂಳಿನ ಪಟ್ಟಿ ಬಿದ್ದಿದೆ. ಅಲ್ಲಿಗೆ ಚಕ್ರ ಬರುತ್ತಿಲ್ಲ. ಅಜ್ಜಿಯ ಮೊಮ್ಮಗ ಟೇಪಿನ ಒಂದು ತುದಿ ಹಿಡಿದುಕೊಂಡ. ಒಂದೂಕಾಲು ಮೀಟರ್.